ಅವಳ ಒಂಬತ್ತು, ನನ್ನ ಹನ್ನೆರಡು

ನನ್ನ ಮೈದುನನ ಹೆಂಡತಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಒಂಬತ್ತೇ ಇದೆ ಎಂದು ಗೊತ್ತಾದ ದಿನದಿಂದ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ಇನ್ನೊಬ್ಬರ ಕಾಯಿಲೆ ನೋಡಿ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ಕೇಳಬಹುದು. ನಾನು ಪಟ್ಟೆ. ಎರಡು ವರ್ಷ ಪಟ್ಟೆ.

ನಮ್ಮದು ಬನಹಟ್ಟಿಯಲ್ಲಿ ಮಗ್ಗದ ಮನೆ. ಮುಂದೆ ನಾವಿರುವ ಕೋಣೆಗಳು, ಹಿಂದೆ ತಗಡಿನ ಶೆಡ್ಡಿನಲ್ಲಿ ಆರು ಪವರ್‌ಲೂಮು. ಕರೆಂಟು ಇರುವಷ್ಟು ಹೊತ್ತು ದನಿ ಎತ್ತಿಯೇ ಮಾತಾಡಬೇಕು. ಕರೆಂಟು ಹೋದ ಕೂಡಲೇ ನಮ್ಮ ಮಾತು ನಮಗೇ ಜಗಳದ ಹಾಗೆ ಕೇಳಿಸುತ್ತದೆ. ನಾನು ಮುಧೋಳದಿಂದ ಹಿರಿಯ ಸೊಸೆಯಾಗಿ ಬಂದು, ಎರಡು ಮಕ್ಕಳಾಗಿ, ಹನ್ನೊಂದು ವರ್ಷವಾದ ಮೇಲೆ ಅವಳು ಅನಗವಾಡಿಯಿಂದ ಕಿರಿಯ ಸೊಸೆಯಾಗಿ ಬಂದಳು. ಹೊಳೆ ದಂಡೆಯ ಊರಿನ ಹುಡುಗಿ. ಸಣ್ಣ ಮೈಕಟ್ಟು, ನಕ್ಕರೆ ಕಣ್ಣೂ ನಗುತ್ತಿದ್ದವು. ಬಂದ ಮೊದಲ ವರ್ಷ ನಾವಿಬ್ಬರೂ ಚೆನ್ನಾಗಿಯೇ ಇದ್ದೆವು. ಅವಳು ರೊಟ್ಟಿ ಬಡಿದರೆ ನಾನು ಬೇಯಿಸುತ್ತಿದ್ದೆ, ನಾನು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದರೆ ಅವಳು ಮಗ್ಗದ ಹತ್ತಿರ ಒಯ್ದು ಕೊಡುತ್ತಿದ್ದಳು.

ಒಂದು ದಿನ ಓಣಿಯ ಮಹಿಳಾ ಸಂಘದವರು ಹೆಂಗಸರಿಗೆ ರಕ್ತ ತಪಾಸಣೆ ಇಟ್ಟರು. ನಾವಿಬ್ಬರೂ ಹೋದೆವು. ಹೋಗೋಣವೆಂದು ಹಟ ಹಿಡಿದವಳು ನಾನು. ಅಷ್ಟರಲ್ಲಾಗಲೇ ನನಗೆ ದಿನವಿಡೀ ಸುಸ್ತು. ಮಾಳಿಗೆಯ ಮೆಟ್ಟಿಲು ಹತ್ತಿದರೆ ಎದೆ ಢವಢವ ಅನ್ನುತ್ತಿತ್ತು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ತಿಂಗಳಿಗೊಮ್ಮೆ ಏಳೆಂಟು ದಿನ ಹೊರಗಾಗುತ್ತಿದ್ದೆ. ಎಲ್ಲ ಹೆಂಗಸರಿಗೂ ಹೀಗೇ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಬೆರಳು ಚುಚ್ಚಿದ ನರ್ಸಮ್ಮ ಚೀಟಿ ನೋಡಿ ಹೇಳಿದಳು: "ಅಕ್ಕಾರ, ನಿಮ್ಮದು ಹನ್ನೆರಡ ಐತ್ರಿ, ಛಲೋ ಐತಿ. ಈ ತಂಗೀದು ನೋಡ್ರಿ, ಒಂಬತ್ತ. ಭಾಳ ಕಡಿಮಿ ಆತು. ಗುಳಿಗಿ ಕೊಡತೇನಿ, ತಪ್ಪದ ನುಂಗಬೇಕು."

ಮನೆಗೆ ಬಂದು ಹೇಳಿದಾಗ ನಮ್ಮ ಅತ್ತೆ ಹಣೆ ಮುಟ್ಟಿಕೊಂಡರು. "ಯವ್ವಾ, ಮಕದಾಗ ಇಷ್ಟ ಕಳಾ ಐತಿ, ಒಳಗ ರಕ್ತನ ಇಲ್ಲಲ್ಲ ಕೂಸಿಗೆ!"

ಅಂದಿನಿಂದ ಅವಳು ಮನೆಯ ಕೂಸಾದಳು. ಸಂತೆಯಿಂದ ಅವಳಿಗೆಂದೇ ದಾಳಿಂಬೆ ಬಂತು, ಖರ್ಜೂರ ಬಂತು. ಅತ್ತೆ ತಮ್ಮ ಕೈಯಾರೆ ಶೇಂಗಾ ಬೆಲ್ಲ ಕುಟ್ಟಿ ಉಂಡಿ ಕಟ್ಟಿ, ಡಬ್ಬಿಗೆ ತುಂಬಿ ಅವಳ ಕೋಣೆಯಲ್ಲಿಟ್ಟರು. "ಆಕೀಗೆ ರಕ್ತಿಲ್ಲ, ಕೆಲಸ ಹಚ್ಚಬ್ಯಾಡ" ಎಂಬ ಮಾತು ಮನೆಯ ಕಾನೂನಾಯಿತು. ಅವಳ ಪಾಲಿನ ರೊಟ್ಟಿ ನನಗೆ ಬಂತು, ಅವಳ ಪಾಲಿನ ಕಂಡಿಕೆಯೂ ನನಗೆ ಬಂತು. ಅವಳೇನೂ ಕೂತು ಉಣ್ಣುವವಳಲ್ಲ. "ಅಕ್ಕಾ, ನಾ ಮಾಡತೇನಿ ತರ್ರಿ" ಎಂದು ಓಡಿ ಬರುತ್ತಿದ್ದಳು. ಅತ್ತೆ ಬಿಡುತ್ತಿರಲಿಲ್ಲ. ಅವಳ ಮುಖದಲ್ಲಿ ಒಂದಿಷ್ಟೂ ದಣಿವಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಸುಡುತ್ತಿತ್ತು. ಅವಳು ಮೆಟ್ಟಿಲನ್ನು ಎರಡೆರಡು ದಾಟಿ ಹತ್ತುತ್ತಿದ್ದಳು. ನಾನು ಅರ್ಧಕ್ಕೆ ನಿಂತು ಗೋಡೆ ಹಿಡಿಯುತ್ತಿದ್ದೆ.

ಗಂಡನಿಗೆ ಹೇಳಿಕೊಂಡೆ. ಅವರು ಕೆಟ್ಟವರಲ್ಲ. ಆದರೆ ಲೆಕ್ಕಕ್ಕೆ ನಂಬುವ ಮನುಷ್ಯ. "ನಿಂದು ಹನ್ನೆರಡ ಐತೆಲೇ. ಸುಮ್ಮ ಮನಸಿಗೆ ಹಚ್ಚಿಕೊಂಡೀ" ಅಂದರು. ಆಮೇಲೆ ನಾನು ಉಸ್ಸೆಂದು ಕೂತಾಗಲೆಲ್ಲ ಮನೆಯಲ್ಲಿ ಯಾರಾದರೊಬ್ಬರು ಹನ್ನೆರಡನ್ನು ನೆನಪಿಸುತ್ತಿದ್ದರು. ನನಗೂ ಒಂಬತ್ತು ಬಂದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ತಟ್ಟೆಯಲ್ಲಿ ದಾಳಿಂಬೆ ಬಿಡಿಸಿ ಅವಳ ಮುಂದಿಟ್ಟಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಅವಳು ಒಂದು ಹಿಡಿ ತೆಗೆದು ನನ್ನ ಕೈಗೆ ಹಾಕಲು ಬಂದರೆ, "ನಂಗ್ಯಾಕ ಬೇ, ನಂದು ಹನ್ನೆರಡ ಐತಿ" ಎಂದು ಕೈ ಹಿಂದೆ ತೆಗೆದುಕೊಳ್ಳುತ್ತಿದ್ದೆ. ಅವಳ ಮುಖ ಸಣ್ಣದಾಗುತ್ತಿತ್ತು. ಅದರಿಂದ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಆ ದಿನಗಳಲ್ಲೇ ನನಗೆ ಹಸಿ ಅಕ್ಕಿ ತಿನ್ನುವ ಚಟ ಹತ್ತಿತು. ಮೊರದಲ್ಲಿ ಅಕ್ಕಿ ಆರಿಸಲು ಕೂತರೆ ಅದರ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು. ಮೊದಲು ನಾಲ್ಕು ಕಾಳು, ಆಮೇಲೆ ಹಿಡಿ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಕಂಡಿಕೆ ಸುತ್ತುವಾಗಲೂ ಕಟುಂ ಕಟುಂ ಅಗಿಯುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂದುಕೊಂಡಿದ್ದೆ. ಒಂದು ದಿನ ಕರೆಂಟು ಹೋಯಿತು. ಬಾಗಿಲಲ್ಲಿ ಅವಳು ನಿಂತಿದ್ದಳು. "ಏನ ತಿನ್ನಾಕತ್ತೀರಿ ಅಕ್ಕಾ?" ಎಂದು ಕೇಳಿದಳು. ನಾನು ಬಾಯಿ ಒರೆಸಿಕೊಂಡೆ. ಅವಳ ಕಣ್ಣು ನನ್ನ ಸೆರಗಿನ ಗಂಟಿನ ಮೇಲಿತ್ತು.

ಎರಡನೇ ವರ್ಷ ಮುಗಿಯುತ್ತ ಬಂದರೂ ಅವಳ ಒಂಬತ್ತು ಒಂಬತ್ತಾಗಿಯೇ ಉಳಿದಿತ್ತು. ಗುಳಿಗೆ ಬದಲಿಸಿದರು, ಟಾನಿಕ್ ಕೊಟ್ಟರು. ಮೂರು ತಿಂಗಳಿಗೊಮ್ಮೆ ತಪಾಸಣೆ, ಪ್ರತಿ ಸಲವೂ ಅಷ್ಟೇ. ಅವಳಿಗೆ ಇನ್ನೂ ಮಕ್ಕಳಾಗಿರಲಿಲ್ಲವಾದ್ದರಿಂದ ಅತ್ತೆಗೆ ಹೆದರಿಕೆ ಶುರುವಾಯಿತು. "ಜಮಖಂಡಿಗೆ ಕರಕೊಂಡ ಹೋಗ. ಅಲ್ಲಿ ಡಾಕ್ಟರಮ್ಮ ಭಾಳ ಶಾಣ್ಯಾ ಅದಾರಂತ" ಎಂದು ನನಗೇ ಹೇಳಿದರು. ರೊಟ್ಟಿ ನನ್ನದು, ಕಂಡಿಕೆ ನನ್ನದು, ಈಗ ಅವಳನ್ನು ದವಾಖಾನೆಗೆ ಒಯ್ಯುವ ಕೆಲಸವೂ ನನ್ನದು. ಜಮಖಂಡಿಯ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟಳು. ಅದಕ್ಕೂ ನನಗೆ ಸಿಟ್ಟು ಬಂತು.

ದವಾಖಾನೆ ಮೊದಲ ಮಹಡಿಯಲ್ಲಿತ್ತು. ಮೇಲೆ ಹೋಗುವಷ್ಟರಲ್ಲಿ ನಾನು ಏದುಸಿರು ಬಿಡುತ್ತಿದ್ದೆ. ಡಾಕ್ಟರಮ್ಮ ಐವತ್ತರ ಆಸುಪಾಸಿನವರು, ಕಡಿಮೆ ಮಾತು. ಅವಳ ಹಳೆಯ ರಿಪೋರ್ಟುಗಳನ್ನು ಒಂದರ ಪಕ್ಕ ಒಂದು ಹರವಿ ನೋಡಿದರು. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ, ಆಮೇಲೆ ಅವರ ಕಡೆ ತಿರುಗಿ ಹೇಳಿಬಿಟ್ಟಳು: "ಮ್ಯಾಡಮ್ಮರ, ನಮ್ಮ ಅಕ್ಕಾಂದೂ ನೋಡ್ರಿ. ಆಕೀಗೆ ಭಾಳ ಸುಸ್ತ ಐತಿ. ಹಸೀ ಅಕ್ಕಿ ತಿಂತಾಳ."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. "ಏ, ಸುಮ್ಕಿರ ಬೇ. ನಂದು ಹನ್ನೆರಡ ಐತ್ರಿ ಮ್ಯಾಡಮ್ಮರ" ಅಂದೆ.

ಡಾಕ್ಟರಮ್ಮ ಚಷ್ಮಾದ ಮೇಲಿಂದ ನೋಡಿದರು. "ಹನ್ನೆರಡ ಇರಲಿ. ಅಕ್ಕಿ ತಿಂತೀರೇನು?"

ನಾನು ಹೌದೆಂದು ತಲೆ ಆಡಿಸಿದೆ. "ತಿಂಗಳ ಹೊರಗಾದಾಗ ಎಷ್ಟ ದಿನಾ?" ಎಂದು ಕೇಳಿದರು. ಅದನ್ನೂ ಹೇಳಿದೆ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು, ಉಗುರು ಒತ್ತಿ ನೋಡಿ, ಇಬ್ಬರದೂ ರಕ್ತ ತೆಗೆಸಿದರು. ಎರಡು ದಿನ ಬಿಟ್ಟು ಬರಲು ಹೇಳಿದರು.

ಎರಡು ದಿನದ ಮೇಲೆ ಅವರು ಎರಡು ಕಾಗದ ಮುಂದಿಟ್ಟುಕೊಂಡು ಕೂತಿದ್ದರು. "ಫೆರಿಟಿನ್ ಅಂತ ಒಂದ ಟೆಸ್ಟ್ ಮಾಡಿಸೀನಿ" ಎಂದು ಶುರು ಮಾಡಿದರು. "ಇಷ್ಟ ದಿನಾ ನೀವು ಬರೇ ಹಿಮೋಗ್ಲೋಬಿನ್ ನೋಡೀರಿ. ಅದು ರಕ್ತದಾಗ ಓಡಾಡೂ ಕಬ್ಬಿಣದ ಲೆಕ್ಕ. ಉಳಿದ ಕಬ್ಬಿಣಾನ ನಮ್ಮ ದೇಹ ಲಿವರಿನ್ಯಾಗ, ಎಲುಬಿನ ಮಜ್ಜಿಯೊಳಗ, ಗುಲ್ಮದಾಗ ಕೂಡಿಸಿ ಇಟ್ಟಿರತೈತಿ. ಹಂಗ ಹಿಡಿದಿಡೂ ಪ್ರೋಟೀನಿಗೆ ಫೆರಿಟಿನ್ ಅಂತಾರ. ಅದರಾಗಿಂದ ಒಂದಿಷ್ಟು ರಕ್ತಕ್ಕ ಬರತೈತಿ. ಅದನ್ನ ಅಳದ್ರ ಒಳಗ ಎಷ್ಟ ಕೂಡಿಟ್ಟೈತಿ ಅನ್ನೂದು ತಿಳೀತೈತಿ."

ಆಮೇಲೆ ನನ್ನ ಕಾಗದ ನನ್ನ ಕಡೆ ತಿರುಗಿಸಿದರು. "ನಿಮ್ಮದು ಐದು. ಮೂವತ್ತರ ಮ್ಯಾಲಿದ್ರ ನಾ ಸುಮ್ನಿರತಿದ್ದೆ. ಒಳಗ ಏನೂ ಉಳದಿಲ್ಲ ನಿಮಗ. ನೀವು ಮಗ್ಗದ ಮಂದಿ, ತಿಳೀತೈತಿ ನೋಡ್ರಿ. ಮಗ್ಗ ನಡದೈತಿ, ಸೀರಿ ಬರಾಕತ್ತಾವು, ನೋಡಿದವರು ಎಲ್ಲಾ ಛಲೋ ಐತಿ ಅಂತಾರ. ಆದ್ರ ಕೋಣ್ಯಾಗ ನೂಲು ಮುಗದೈತಿ. ದೇಹ ಮೊದಲ ಕೂಡಿಟ್ಟಿದ್ದನ್ನ ಖಾಲಿ ಮಾಡತೈತಿ, ಹಿಮೋಗ್ಲೋಬಿನ್ ಕಡೀಕ ಇಳೀತೈತಿ. ಹೊರಗಾದಾಗ ಹೋಗೂ ರಕ್ತಾನ ನಿಮ್ಮನ್ನ ಖಾಲಿ ಮಾಡೇತಿ."

ಆಗ ನನಗಾದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹೆದರಿಕೆಯಾಗಲಿಲ್ಲ, ಸಂತೋಷವಾಯಿತು. ಎರಡು ವರ್ಷ ನಾನು ನಾಟಕ ಮಾಡಿರಲಿಲ್ಲ ಎಂದು ಕಾಗದದ ಮೇಲೆ ಅಚ್ಚಾಗಿತ್ತು.

"ಈ ತಂಗೀದು ಉಲ್ಟಾ ಐತಿ" ಎಂದು ಅವರು ಇನ್ನೊಂದು ಕಾಗದ ತೆಗೆದುಕೊಂಡರು. "ಈಕೀದು ಎರಡನೂರಾ ಎಂಬತ್ತು. ಬೇಕಾಗಿದ್ದಕ್ಕಿಂತ ಹೆಚ್ಚ ಐತಿ. ಜ್ವರ, ಬಾವು, ಲಿವರಿನ ತೊಂದ್ರಿ ಇದ್ದಾಗೂ ಇದು ಸುಳ್ಳ ಸುಳ್ಳ ಏರತೈತಿ, ಅದಕ್ಕ ಅದನ್ನೂ ನೋಡೀನಿ. ಅಂಥಾದ್ದೇನೂ ಇಲ್ಲ. ಕಬ್ಬಿಣ ಇಷ್ಟ ಇದ್ದೂ ಹಿಮೋಗ್ಲೋಬಿನ್ ಒಂಬತ್ತ ಅಂದ್ರ, ಈಕೀಗೆ ಕಬ್ಬಿಣದ ಕೊರತಿ ಇಲ್ಲ. ಕೆಂಪು ಕಣಾನ ಸಣ್ಣ ಅದಾವು, ಹುಟ್ಟಿದಾಗಿಂದ. ಎರಡ ವರ್ಷ ಗುಳಿಗಿ ನುಂಗಿಸಿ ಒಳಗ ತುಂಬಿಸೀರಿ. ಇವತ್ತಿಂದ ಬಂದ್ ಮಾಡ್ರಿ. ಇನ್ನೊಂದ ಟೆಸ್ಟ್ ಬೆಳಗಾವಿಗೆ ಕಳಸತೇನಿ. ಅದು ಬಂದ ಮ್ಯಾಲೆ ಖರೆ ಹೆಸರ ಹೇಳತೇನಿ. ಅಲ್ಲೀತನಕ ಅಂಜಬ್ಯಾಡ."

ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು. ನಾನು ಅದನ್ನು ಬಿಟ್ಟು ಉಳಿದದ್ದೆಲ್ಲ ಮನೆಗೆ ಒಯ್ದೆ.

ಅವಳು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ನಾನು ಒಳಗೆ ಹೋದವಳೇ ಅತ್ತೆಗೆ ಹೇಳಿದೆ: "ಆಕೀಗೆ ರಕ್ತ ಕಡಿಮಿ ಇಲ್ರಿ ಅತ್ತಿ. ಕಬ್ಬಿಣ ತುಂಬಿ ಚೆಲ್ಲಾಕತ್ತೈತಿ. ನನಗ ಏನೂ ಇಲ್ಲ ಅಂತ. ಆಕೀದು ರಕ್ತದಾಗನ ದೋಷ ಐತಿ, ತವರಮನಿಯಿಂದ ಬಂದದ್ದು."

ದೋಷ ಎಂಬ ಮಾತನ್ನು ಡಾಕ್ಟರಮ್ಮ ಆಡಿರಲಿಲ್ಲ. ಅದು ನನ್ನದು. ತವರುಮನೆ ಎಂಬುದೂ ನನ್ನದೇ. ಅತ್ತೆ ಬಾಗಿಲ ಕಡೆ ನೋಡಿದ ನೋಟ ನನಗೆ ಈಗಲೂ ಕಾಣುತ್ತದೆ. ಅವಳು ಒದ್ದೆ ಕಾಲಲ್ಲಿ ಹೊಸ್ತಿಲಾಚೆ ನಿಂತಿದ್ದಳು. ಕೇಳಿಸಿಕೊಂಡಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಮಗ್ಗಗಳು ನಡೆದಿದ್ದವು.

ಮರುದಿನದಿಂದ ದಾಳಿಂಬೆ ನನ್ನ ತಟ್ಟೆಗೆ ಬಂತು. ರೊಟ್ಟಿ ಅವಳ ಪಾಲಿಗೆ ಹೋಯಿತು. ನಾನು ಗುಳಿಗೆ ನುಂಗಿ ಮಂಚದ ಮೇಲೆ ಕೂತು, ಅವಳು ಹಿಟ್ಟು ನಾದುವುದನ್ನು ನೋಡುತ್ತಿದ್ದೆ. ಇದೇ ಬೇಕಾಗಿತ್ತಲ್ಲ ನನಗೆ! ಆದರೆ ಅವಳು ಮುಖ ಗಂಟಿಕ್ಕದೆ, ದಣಿಯದೆ, ಮೊದಲಿನ ಹಾಗೇ ಬಡಬಡ ರೊಟ್ಟಿ ಬಡಿಯುತ್ತಿದ್ದಳು. ಅವಳು ಅಳಬೇಕಿತ್ತು ಎಂದು ನನಗೆ ಅನಿಸುತ್ತಿತ್ತು.

ಅತ್ತೆಗೆ ಬಾಯಿ ನಿಲ್ಲುವುದಿಲ್ಲ. ಎದುರು ಮನೆಗೆ ಹೇಳಿದರು. ಎದುರು ಮನೆಯವರ ಬೀಗರು ಬೀಳಗಿಯವರು. ಆಗ ಅನಗವಾಡಿಯಲ್ಲಿದ್ದ ಅವಳ ಒಡಹುಟ್ಟಿದ ತಂಗಿಗೆ ಬೀಳಗಿಯಲ್ಲೇ ಒಂದು ಗಂಡು ನೋಡಿ, ಮಾತುಕತೆ ಬಹುಮಟ್ಟಿಗೆ ಮುಗಿದಿತ್ತು. ಹದಿನೈದು ದಿನವೂ ಆಗಿರಲಿಲ್ಲ, ಗಂಡಿನ ಕಡೆಯವರು, "ರಕ್ತದ ರೋಗದ ಮನಿತನ ಅಂತ ಕೇಳೀವಿ, ನಮಗ ಬ್ಯಾಡ" ಎಂದು ಹೇಳಿ ಕಳಿಸಿದರು.

ಫೋನು ಬಂದಾಗ ಅವಳು ಅಡುಗೆಮನೆಯಲ್ಲಿದ್ದಳು. ಮಾತಾಡಿ ಮುಗಿಸಿ ಸೀದಾ ನನ್ನ ಹತ್ತಿರ ಬಂದಳು.

"ಅಕ್ಕಾ, ಇದನ್ನ ನೀವ ಅಂದೀರೇನು?"

"ಡಾಕ್ಟರ್ ಅಂದದ್ದನ್ನ ಅಂದೀನಿ."

"ನಾನೂ ಅಲ್ಲೇ ಕೂತಿದ್ನಿ ಅಕ್ಕಾ. ಅವರು ಅಂಜಬ್ಯಾಡ ಅಂದ್ರು. ಅದನ್ನ ಯಾಕ ಹೇಳಲಿಲ್ಲ ನೀವು?"

ನನಗೆ ಸಿಟ್ಟು ಬಂತು. "ಎರಡ ವರ್ಷ ನನ್ನ ಮೈಯಾಗ ಏನೂ ಇಲ್ಲದ ನಿನ್ನ ಪಾಲಿಂದೂ ದುಡದೇನಿ. ಆವಾಗ ಯಾರ ಕೇಳಿದ್ರು ನನ್ನ?" ಅಂದೆ.

"ನಾ ಕೇಳಿದ್ನಲ್ಲ" ಅಂದಳು. ಅಷ್ಟೇ ಅಂದು ಬಟ್ಟೆ ಕಟ್ಟಿಕೊಂಡು ಅನಗವಾಡಿಗೆ ಹೊರಟುಹೋದಳು. ಮೈದುನ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದು ನನ್ನೊಡನೆ ಮಾತು ಬಿಟ್ಟ.

ಗುಳಿಗೆ ಶುರುವಾಗಿ ತಿಂಗಳಾದ ಮೇಲೆ ನಾನು ಒಬ್ಬಳೇ ಜಮಖಂಡಿಗೆ ಹೋದೆ. ಡಾಕ್ಟರಮ್ಮ ಮೊದಲು ಕೇಳಿದ್ದೇ ಅವಳನ್ನು. "ಆ ತಂಗಿ ಯಾಕ ಬರಲಿಲ್ಲ? ಬೆಳಗಾವಿ ರಿಪೋರ್ಟ್ ಬಂದೈತಿ. ನಾ ಅನಕೊಂಡಂಗ ಥಲಸೀಮಿಯಾ ಟ್ರೇಟ್. ತಾಯಿ ಇಲ್ಲಾ ತಂದಿಯಿಂದ ಬರೂ ಗುಣ ಅದು, ಆಕಿ ಬರೇ ಅದನ್ನ ಹೊತ್ತಾಕಿ. ರೋಗ ಅಲ್ಲ ಅದು, ಔಷಧ ಬೇಕಾಗಿಲ್ಲ, ಉಪಚಾರ ಬೇಕಾಗಿಲ್ಲ. ಒಂದ ಮಾತು ಅಷ್ಟ: ಮಕ್ಕಳಾಗೂಕಿಂತ ಮೊದಲ ಆಕೀ ಗಂಡನ ರಕ್ತಾನೂ ನೋಡಬೇಕು. ಅವನೂ ಹೊತ್ತಾವ ಇದ್ರ ಕೂಸಿಗೆ ಕಠಿಣ ಆಗತೈತಿ. ಇಲ್ಲಂದ್ರ ಏನೂ ಕಾಳಜಿ ಇಲ್ಲ."

ಯಾಕೋ ನನಗೆ ತಡೆಯಲಾಗಲಿಲ್ಲ. ನಾನು ಮನೆಯಲ್ಲಿ ಹೇಳಿದ್ದನ್ನು, ಬೀಳಗಿಯ ಸಂಬಂಧ ಮುರಿದದ್ದನ್ನು, ಅವಳು ತವರಿಗೆ ಹೋದದ್ದನ್ನು ಎಲ್ಲ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟರು.

"ನಿಮ್ಮ ಸುಸ್ತ ಮೊದಲ ಕಂಡಾಕಿ ಯಾರ್ರಿ? ನಿಮ್ಮ ಗಂಡ ಅಲ್ಲ, ನಾ ಅಲ್ಲ. ಆಕಿ ಬಾಯಿ ಬಿಡದಿದ್ರ ನೀವು ಇನ್ನೂ ಅಕ್ಕಿ ತಿನಕೋತ ಕೂಡತಿದ್ರಿ" ಅಂದರು. ಆಮೇಲೆ ಒಂದು ಕಾಗದದ ಮೇಲೆ ಕನ್ನಡದಲ್ಲೇ, ಎಲ್ಲರಿಗೂ ತಿಳಿಯುವ ಹಾಗೆ, ಇದು ರೋಗವಲ್ಲ ಎಂದು ಬರೆದು ಸಹಿ ಮಾಡಿ ಕೊಟ್ಟರು. "ಪೋಸ್ಟಿಗೆ ಹಾಕಬ್ಯಾಡ್ರಿ. ನೀವ ಒಯ್ಯಿರಿ."

ಮನೆಗೆ ಹೋಗದೆ ಅಲ್ಲಿಂದಲೇ, ಬೀಳಗಿ ಮೇಲೆ ಅನಗವಾಡಿಗೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದನ್ನು ಹಿಂದೆ ಹಾಕಲೂ ಬಸ್ಸು ಒದ್ದಾಡುತ್ತಿತ್ತು. ಇನ್ನೂ ತಡವಾಗಲಿ ಎಂದೇ ನಾನು ಹಾರೈಸುತ್ತಿದ್ದೆ. ಅನಗವಾಡಿಯಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಅವಳ ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತು ನೀರು ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅವಳೂ ಅವಳ ತಂಗಿಯೂ ಒಳಗಿಂದ ಬಂದರು. ನಾನು ನಿಂತುಕೊಂಡೇ ಕಾಗದ ಓದಿದೆ. ಓದಿ ಮುಗಿಸಿ, "ದೋಷ ಅನ್ನೂ ಮಾತು ನಂದ್ರಿ. ಡಾಕ್ಟರ್ ಅಂದಿಲ್ಲ. ಹೊಟ್ಟಿಕಿಚ್ಚಿಗೆ ಅಂದೆ" ಅಂದೆ.

"ಯಾಕ ಯವ್ವಾ ಹೊಟ್ಟಿಕಿಚ್ಚು?" ಎಂದು ಅವಳ ತಾಯಿ ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು. "ನನ್ನ ಮಗಳ ಹಂತ್ಯಾಕ ಏನ ಐತಿ ಅಂತ?"

ದಾಳಿಂಬೆ ಅನ್ನಲೇ, ಖರ್ಜೂರ ಅನ್ನಲೇ? "ಆಕೀನ ಎಲ್ಲಾರೂ ನೋಡತಿದ್ರು" ಅಂದೆ. ತಂಗಿ ತಿರುಗಿ ಒಳಗೆ ಹೋದಳು. ಅವಳು ಅಲ್ಲೇ ನಿಂತು, ನನ್ನ ಕೈಯಿಂದ ಕಾಗದ ತೆಗೆದುಕೊಂಡು ಇನ್ನೊಮ್ಮೆ ಓದಿ, ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಳು. "ಊಟ ಮಾಡಿ ಹೋಗ್ರಿ. ಗುಳಿಗಿ ನುಂಗಿ ಒಂದ ತಾಸ ಚಹಾ ಕುಡೀಬ್ಯಾಡ್ರಿ, ಕಬ್ಬಿಣ ಮೈಗೆ ಹಿಡಿಯೂದಿಲ್ಲಂತ" ಅಂದಳು.

ಬೀಳಗಿಗೂ ಹೋದೆ. ಮರುವಾರ ಗಂಡನನ್ನು ಕರೆದುಕೊಂಡು ಆ ಗಂಡಿನ ಮನೆಗೆ ಹೋಗಿ ಹೇಳಿ ಬಂದೆ. ಅವರು ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡು, ಬೇರೆ ಕಡೆ ಹೆಣ್ಣು ಗೊತ್ತು ಮಾಡಿ ಆಗಿದೆ ಅಂದರು. ಆಡಿದ ಮಾತು ಊರು ಸುತ್ತಿದಷ್ಟು ಸಲೀಸಾಗಿ ಅದನ್ನು ತಿದ್ದುವ ಮಾತು ಸುತ್ತುವುದಿಲ್ಲ ಎಂದು ಆವತ್ತು ಗೊತ್ತಾಯಿತು.

ಮೈದುನನ ರಕ್ತ ನೋಡಿಸಿದರು. ಅವನದರಲ್ಲಿ ಏನೂ ಇರಲಿಲ್ಲ. ಎರಡು ತಿಂಗಳ ಮೇಲೆ ಅವನೇ ಹೋಗಿ ಅವಳನ್ನು ಕರೆತಂದ. ನನಗೆ ಗರ್ಭಕೋಶದಲ್ಲಿ ಒಂದು ಸಣ್ಣ ಗಡ್ಡೆ ಇತ್ತು. ಅದಕ್ಕೆ ಔಷಧವಾಯಿತು, ಮುಟ್ಟಿನ ರಕ್ತಸ್ರಾವ ಹಿಡಿತಕ್ಕೆ ಬಂತು. ಆರು ತಿಂಗಳಲ್ಲಿ ನನ್ನ ಐದು ನಲವತ್ತೊಂದಾಯಿತು. ಕೂದಲು ಉದುರುವುದು ನಿಂತಿತು. ಮೆಟ್ಟಿಲು ಹತ್ತಿ ಮೇಲೆ ಹೋಗಿ, ಹತ್ತಿದ್ದು ನೆನಪೇ ಇರದ ಹಾಗೆ ಬಟ್ಟೆ ಒಣಹಾಕಿ ಬರತೊಡಗಿದೆ.

ಮೈಯಲ್ಲಿ ಕಬ್ಬಿಣ ತುಂಬಿದರೆ ಮನಸ್ಸಿನ ಉರಿಯೂ ಆರುತ್ತದೆ ಎಂದು ನಾನು ನಂಬಿದ್ದೆ. ಆ ಎರಡು ವರ್ಷದ ಕೆಟ್ಟತನವನ್ನೆಲ್ಲ ಸುಸ್ತಿನ ಮೇಲೆ ಹಾಕಿ ಪಾರಾಗಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಮರುವರ್ಷ ಅವಳಿಗೆ ಮಗಳು ಹುಟ್ಟಿದಾಗ, ಮಗುವಿನ ರಕ್ತ ನೋಡಬೇಕೇ ಎಂದು ಮನೆಯವರೆಲ್ಲ ತೊಟ್ಟಿಲ ಸುತ್ತ ಸೇರಿ ಮಾತಾಡುತ್ತಿದ್ದರೆ, ನನ್ನ ಇಬ್ಬರು ಮಕ್ಕಳು ಹುಟ್ಟಿದಾಗ ಯಾರೂ ಹೀಗೆ ಸೇರಿರಲಿಲ್ಲವಲ್ಲ ಎಂದು ಮತ್ತೆ ಅದೇ ಉರಿ ಎದ್ದಿತು. ಆದರೆ ಈ ಸಲ ಬಾಯಿ ಬಿಡಲಿಲ್ಲ.

ಈ ವರ್ಷ ಅವಳ ತಂಗಿಗೆ ಬಾಡಗಂಡಿಯ ಕಡೆ ಮದುವೆಯಾಯಿತು. ಹುಡುಗಿಯೇ ಮೊದಲು ರಕ್ತ ತಪಾಸಣೆ ಮಾಡಿಸಿಕೊಂಡು, ರಿಪೋರ್ಟನ್ನು ಗಂಡಿನ ಕೈಗೆ ಕೊಟ್ಟು, "ನಾನೂ ನಮ್ಮಕ್ಕನ ಹಂಗ ಹೊತ್ತಾಕಿ ಅದೀನಿ. ನೀವೂ ನೋಡಿಸಿಕೊಂಡ ಬರ್ರಿ, ಆಮ್ಯಾಲೆ ಮಾತಾಡೂಣು" ಎಂದಿದ್ದಳಂತೆ. ಆ ಹುಡುಗ ಮರುದಿನವೇ ನೋಡಿಸಿಕೊಂಡು ಬಂದನಂತೆ, ಅವನದರಲ್ಲಿ ಏನೂ ಇರಲಿಲ್ಲವಂತೆ. ಮದುವೆಗೆ ನನಗೆ ಬೇರೆಯಾಗಿ ಕರೆ ಬಂದಿರಲಿಲ್ಲ. ಅತ್ತೆಯ ಜೊತೆ ಹೋದೆ, ಹಿಂದಿನ ಸಾಲಿನಲ್ಲಿ ಕೂತೆ. ಅಕ್ಷತೆಯಾದ ಮೇಲೆ ಮದುಮಗಳು ಹಿರಿಯರ ಕಾಲು ಮುಟ್ಟುತ್ತ ನಮ್ಮ ಸಾಲಿಗೆ ಬಂದಳು. ಅತ್ತೆಯ ಕಾಲು ಮುಟ್ಟಿದಳು. ನನ್ನ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಬಗ್ಗಿ ನನ್ನದೂ ಮುಟ್ಟಿದಳು.

ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ಸಿಟ್ಟು ಬಿಡುವುದು ಆ ಅಕ್ಕತಂಗಿಯರಿಗೆ ಬರುವಷ್ಟು ಸಲೀಸಾಗಿ ನನಗೇಕೆ ಬರುವುದಿಲ್ಲ ಎಂದು, ಹರಸುತ್ತಿರುವಾಗಲೂ ನನಗೆ ಹೊಟ್ಟೆಕಿಚ್ಚಾಯಿತು.